ಎದೆಯ ಗಂಟು: ಲೋಹಚುಂಬಕದ ಸಾಕ್ಷಿಯೂ ಸೂಜಿಯ ತೀರ್ಪೂ

ಸ್ತ್ರೀಯರ ಸ್ತನದಲ್ಲಿ ಕಾಣಿಸಿಕೊಳ್ಳುವ ಗಂಟುಗಳ ವಿಷಯವಾಗಿ ದಿನಪತ್ರಿಕೆಯ ಈ ಪುಟದಲ್ಲಿ ಬರೆಯುವದು ಉಚಿತವೇ ಎಂದು ನಮ್ಮ ವಾಚಕರಲ್ಲಿ ಕೆಲವರು ಹುಬ್ಬು ಗಂಟಿಕ್ಕಬಹುದು. ಅಂಥವರಿಗೆ ನಮ್ಮ ಉತ್ತರವು ಸರಳವಾದದ್ದು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕೂ ತಾಲೂಕುಗಳಲ್ಲಿ ಹೆಣ್ಣುಮಗಳೊಬ್ಬಳು ಯಾವಾಗ ವೈದ್ಯರ ಬಳಿಗೆ ಹೋಗಬೇಕು, ಯಾವ ಊರಿಗೆ ಹೋಗಬೇಕು, ಎಷ್ಟು ವೆಚ್ಚ ಮಾಡಬೇಕು ಎಂಬುದನ್ನು ನಿಶ್ಚಯಿಸುವವರು ಇಂದಿಗೂ ಬಹುಮಟ್ಟಿಗೆ ಮನೆಯ ಗಂಡಸರೇ; ಅವರೇ ಈ ಪತ್ರಿಕೆಯನ್ನು ಓದುವವರು. ರೋಗವು ನಾಚಿಕೆಗೆ ಅಂಜಿ ಹಿಂದೆ ಸರಿಯುವದಿಲ್ಲ. ನಾಚಿಕೆಯಿಂದ ಸರಿಯುವದು ಚಿಕಿತ್ಸೆಯ ಕಾಲವೊಂದೇ.

ಇತ್ತೀಚೆಗೆ ವಿದ್ಯಾವಂತ ಗೃಹಸ್ಥರ ಬಾಯಲ್ಲಿ ಒಂದು ಪ್ರಶ್ನೆಯು ಮೇಲಿಂದ ಮೇಲೆ ಕೇಳಿಬರುತ್ತಿದೆ. "ಎಂ.ಆರ್.ಐ. ಎಂಬ ದೊಡ್ಡ ಯಂತ್ರವು ಬಂದಿರುವಾಗ ಸೂಜಿ ಚುಚ್ಚಿಸಿಕೊಳ್ಳುವದೇಕೆ? ಗಂಟು ಒಳ್ಳೆಯದೋ ಕೆಟ್ಟದ್ದೋ ಎಂಬುದನ್ನು ಆ ಯಂತ್ರವೇ ಹೇಳಲಾರದೇ?" ಪ್ರಶ್ನೆಯು ಮೂಢವಾದದ್ದಲ್ಲ, ಇದನ್ನೇ ಜಗತ್ತಿನ ದೊಡ್ಡ ದೊಡ್ಡ ಪಂಡಿತರು ಐವತ್ತು ವರ್ಷಗಳಿಂದ ತಮ್ಮೊಳಗೆ ಕೇಳಿಕೊಳ್ಳುತ್ತಲೇ ಬಂದಿದ್ದಾರೆ. ಆದಕಾರಣ ಇದಕ್ಕೆ ಒಂದೇ ಮಾತಿನ ಉತ್ತರವನ್ನು ಕೊಡದೆ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ.

ಮೊದಲು ಧೈರ್ಯದ ಮಾತು. ಸ್ತನದಲ್ಲಿ ಕೈಗೆ ಸಿಗುವ ಗಂಟುಗಳಲ್ಲಿ ಬಹುಭಾಗವು ಕ್ಯಾನ್ಸರ್ ಅಲ್ಲ. ತರುಣಿಯರಲ್ಲಿ ಕಾಣುವ ಫೈಬ್ರೋಅಡಿನೋಮಾ ಎಂಬ ಗಟ್ಟಿ ಗೋಲಿಯು ಬೆರಳಿನ ಕೆಳಗೆ ಇಲಿಮರಿಯಂತೆ ಜಾರಾಡುವದು. ಅದು ಜೀವಕ್ಕೆ ಎರವಾಗುವದಲ್ಲ. ನೀರು ತುಂಬಿದ ಚೀಲಗಳುಂಟು, ಹಾಲೂಡುವ ತಾಯಂದಿರಿಗೆ ಆಗುವ ಬಾವುಗಳುಂಟು, ಏಟು ತಗುಲಿ ಕೊಬ್ಬು ಸತ್ತು ಗಟ್ಟಿಯಾಗುವದುಂಟು, ನಮ್ಮ ದೇಶದಲ್ಲಿ ಕ್ಷಯರೋಗವು ಸ್ತನದಲ್ಲಿಯೇ ನೆಲೆಸುವದೂ ಉಂಟು. ಇವೆಲ್ಲವುಗಳ ನಡುವೆ ಮಾರಕವಾದ ಅರ್ಬುದವು ಮರೆಯಾಗಿ ಕುಳಿತಿರುವದೇ ತೊಂದರೆಯ ಮೂಲ. ಅದು ಮೊದಮೊದಲು ನೋಯುವದಿಲ್ಲ. ನೋಯದ ಗಂಟನ್ನು ನಮ್ಮ ಜನರು ಲಕ್ಷಿಸುವದಿಲ್ಲ. ನಿಜವಾಗಿ ನೋಡಿದರೆ ನೋಯದ ಗಟ್ಟಿ ಗಂಟಿಗೇ ಹೆಚ್ಚು ಅಂಜಬೇಕು. 2022ರ ಅಂದಾಜಿನ ಮೇರೆಗೆ ಭಾರತದಲ್ಲಿ ಆ ಒಂದೇ ವರ್ಷದಲ್ಲಿ ಸುಮಾರು 1,92,000 ಸ್ತ್ರೀಯರಿಗೆ ಸ್ತನದ ಕ್ಯಾನ್ಸರ್ ಹೊಸದಾಗಿ ತಗುಲಿತು. 98,000ಕ್ಕೂ ಮಿಕ್ಕಿ ಸ್ತ್ರೀಯರು ಅದರಿಂದ ಮಡಿದರು. ಹೊಸ ರೋಗಿಗಳ ಸಂಖ್ಯೆಗೂ ಮರಣದ ಸಂಖ್ಯೆಗೂ ಇರುವ ಈ ಸಮೀಪತೆಯನ್ನು ವಾಚಕರು ಗಮನಿಸಬೇಕು. ಅದೇ ವರ್ಷ ಜಗತ್ತಿನಲ್ಲೆಲ್ಲ 23 ಲಕ್ಷ ಹೊಸ ರೋಗಿಗಳಾದರೆ ಮರಣಗಳು 6 ಲಕ್ಷ 70 ಸಾವಿರದಷ್ಟು. ಅಂದರೆ ಅಲ್ಲಿ ಮೂರಕ್ಕೆ ಒಂದಕ್ಕಿಂತಲೂ ಕಡಿಮೆ, ಇಲ್ಲಿ ಎರಡಕ್ಕೆ ಒಂದು. ಇದಕ್ಕೆ ದೊಡ್ಡ ಕಾರಣವು ನಮ್ಮ ರೋಗಿಗಳು ತಡವಾಗಿ ಬರುವದು.

ಒಳ್ಳೆಯ ಗಂಟಾವದು, ಕೆಟ್ಟ ಗಂಟಾವದು ಎಂದು ತಿಳಿಯದಿದ್ದ ಕಾಲದಲ್ಲಿ ಸ್ತ್ರೀಯರು ಪಟ್ಟ ಪಾಡನ್ನು ನೆನೆದರೆ ಮೈ ಜುಮ್ಮೆನ್ನುವದು. ಇಂಗ್ಲಿಷ್ ಕಾದಂಬರಿಕಾರ್ತಿ ಫ್ಯಾನಿ ಬರ್ನಿಯವರ ಸ್ತನವನ್ನು 1811ನೆಯ ಇಸವಿಯಲ್ಲಿ ಪ್ಯಾರಿಸ್ಸಿನಲ್ಲಿ ನೆಪೋಲಿಯನ್ನನ ಶಸ್ತ್ರವೈದ್ಯನಾದ ಲಾರೇ ಎಂಬವನು ಮೈಮರೆಸುವ ಔಷಧವಿಲ್ಲದೆಯೇ ಕತ್ತರಿಸಿ ತೆಗೆದನು. ಆಕೆ ಆ ತರುವಾಯ 1840ರ ವರೆಗೆ ಬದುಕಿದಳು. ಆ ಗಂಟು ನಿಜವಾಗಿಯೂ ಮಾರಕವಾಗಿತ್ತೇ, ಇಲ್ಲವೇ ಆ ಯಾತನೆಯೆಲ್ಲ ವ್ಯರ್ಥವಾಯಿತೇ ಎಂದು ವೈದ್ಯರು ಇಂದಿಗೂ ಚರ್ಚಿಸುತ್ತಾರೆ. ಅಷ್ಟು ಹಿಂದೆ ಹೋಗುವದೂ ಬೇಡ. ಕಳೆದ ಶತಮಾನದ 1970ರ ಸುಮಾರಿನ ವರೆಗೂ ಅಮೇರಿಕೆಯಂಥ ದೇಶದಲ್ಲಿ ಹೆಂಗಸೊಬ್ಬಳನ್ನು ಮೇಜಿನ ಮೇಲೆ ಮಲಗಿಸಿ, ಮೈಮರೆಸಿ, ಗಂಟಿನ ತುಣುಕನ್ನು ತೆಗೆದು ಆ ಕ್ಷಣವೇ ಸೂಕ್ಷ್ಮದರ್ಶಕದಲ್ಲಿ ನೋಡಿ, ಕ್ಯಾನ್ಸರ್ ಎಂದು ಕಂಡರೆ ಅಲ್ಲಿಯೇ ಸ್ತನವನ್ನು ತೆಗೆದುಬಿಡುವ ರೂಢಿಯಿತ್ತು. ಎಚ್ಚರಾದ ಮೇಲೆ ಆಕೆ ತನ್ನ ಕೈಯಿಂದ ತಾನೇ ಮುಟ್ಟಿ ನೋಡಿ ಫಲಿತಾಂಶವನ್ನು ತಿಳಿದುಕೊಳ್ಳಬೇಕಾಗಿತ್ತು. ಕತ್ತರಿಸುವ ಮೊದಲೇ ತಿಳಿಯುವ ಉಪಾಯವಿದ್ದರೆ ಎಷ್ಟು ಚೆನ್ನು ಎಂದು ಅಂದಿನವರು ಹಂಬಲಿಸಿದ್ದು ಸಹಜವೇ ಆಗಿದೆ.

ಲೋಹಚುಂಬಕದ ಕಥೆಯು ಇಲ್ಲಿ ಪ್ರವೇಶಿಸುವದು. ನಮ್ಮ ದೇಹದ ಬಹುಭಾಗವು ನೀರು, ನೀರಿನಲ್ಲಿ ಜಲಜನಕ. ಜಲಜನಕದ ಪ್ರತಿಯೊಂದು ಪರಮಾಣುಬೀಜವೂ ತಿರುಗುವ ಒಂದು ಸಣ್ಣ ಚುಂಬಕದಂತೆ ಇರುವದು. ಬಲವಾದ ಚುಂಬಕದೊಳಗೆ ದೇಹವನ್ನು ಇರಿಸಿದಾಗ ಈ ಬೀಜಗಳು ಅದರ ದಿಕ್ಕಿಗೆ ಅನುಸಾರವಾಗಿ ಒಂದು ಸಾಲಿಗೆ ಬರುವವು. ಆಗ ತಕ್ಕ ಕಂಪನವುಳ್ಳ ರೇಡಿಯೋ ತರಂಗವೊಂದನ್ನು ಬಿಟ್ಟರೆ ಅವು ಸಾಲಿನಿಂದ ಕದಲುವವು. ತರಂಗವು ನಿಂತೊಡನೆ ಮರಳಿ ಸಾಲಿಗೆ ಬರುತ್ತ ತಾವೂ ಕ್ಷೀಣವಾದ ತರಂಗವನ್ನು ಹೊರಡಿಸುವವು. ಆ ಪ್ರತಿಧ್ವನಿಯನ್ನು ಹಿಡಿದು ಲೆಕ್ಕ ಹಾಕಿ ಚಿತ್ರವನ್ನು ಬಿಡಿಸುವದೇ ಎಂ.ಆರ್.ಐ. ಸಾಮಾನ್ಯವಾಗಿ ಬಳಸುವ ಯಂತ್ರದ ಬಲವು 1.5 ಟೆಸ್ಲಾ, ಅದು ಭೂಮಿಯ ಚುಂಬಕಬಲದ ಸುಮಾರು 30,000 ಪಟ್ಟು ಆಗುವದು. ಎಕ್ಸರೇ ಕಿರಣಗಳ ಬಾಧೆ ಇದರಲ್ಲಿ ಎಳ್ಳಷ್ಟೂ ಇಲ್ಲ. ಹೆಸರಿನಲ್ಲಿ ಹಿಂದೆ ಇದ್ದ 'ನ್ಯೂಕ್ಲಿಯರ್' ಎಂಬ ಪದವು ಜನರನ್ನು ಅಂಜಿಸುತ್ತಿದ್ದುದರಿಂದ ಅದನ್ನು ವೈದ್ಯರು ಮೆಲ್ಲನೆ ಕೈಬಿಟ್ಟರು.

ವಿಚಿತ್ರವೆಂದರೆ, ಈ ವಿದ್ಯೆಯನ್ನು ವೈದ್ಯಕ್ಕೆ ತಂದವರಲ್ಲಿ ಮೊದಲಿಗರ ಮನಸ್ಸಿನಲ್ಲಿದ್ದ ಪ್ರಶ್ನೆಯು ನಮ್ಮ ಗೃಹಸ್ಥರ ಪ್ರಶ್ನೆಯೇ. 1971ರಲ್ಲಿ ಅಮೇರಿಕೆಯ ರೇಮಂಡ್ ಡಮೇಡಿಯನ್ ಎಂಬ ವೈದ್ಯರು ಇಲಿಗಳ ಗಂಟುಗಳನ್ನು ಪರೀಕ್ಷಿಸಿ, ಮಾರಕ ಗಂಟಿನ ಪರಮಾಣುಬೀಜಗಳು ಸಾಲಿಗೆ ಮರಳಲು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತವೆಂದೂ, ಸೌಮ್ಯವಾದ ಫೈಬ್ರೋಅಡಿನೋಮಾ ಗಂಟುಗಳು ಆರೋಗ್ಯವಂತ ಮಾಂಸದಂತೆಯೇ ವರ್ತಿಸುತ್ತವೆಂದೂ ಪ್ರಕಟಿಸಿದರು. 1973ರಲ್ಲಿ ಪಾಲ್ ಲಾಟರ್‌ಬರ್ ಅವರು ಇದೇ ಪ್ರತಿಧ್ವನಿಯಿಂದ ಚಿತ್ರವನ್ನು ಪಡೆಯುವ ಹಾದಿಯನ್ನು ತೋರಿಸಿದರು. ಅವರಿಗೂ ಇಂಗ್ಲೆಂಡಿನ ಪೀಟರ್ ಮ್ಯಾನ್ಸ್‌ಫೀಲ್ಡ್ ಅವರಿಗೂ 2003ರಲ್ಲಿ ನೊಬೆಲ್ ಪಾರಿತೋಷಕವು ಬಂತು. ಡಮೇಡಿಯನ್ನರಿಗೆ ಬರಲಿಲ್ಲ. ಅವರು ಪತ್ರಿಕೆಗಳಲ್ಲಿ ಪುಟಗಟ್ಟಲೆ ಜಾಹೀರಾತು ಕೊಟ್ಟು ಪ್ರತಿಭಟಿಸಿದ್ದು ಬೇರೆ ಕಥೆ. ಪ್ರಸಂಗವಶಾತ್ ಒಂದು ಮಾತು: ಡಮೇಡಿಯನ್ನರ ಲೇಖನವು ಬಂದ ಅದೇ 1971ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ ಜಿ. ಎನ್. ರಾಮಚಂದ್ರನ್ ಮತ್ತು ಎ. ವಿ. ಲಕ್ಷ್ಮೀನಾರಾಯಣನ್ ಅವರು ಹಲವು ದಿಕ್ಕಿನ ನೆರಳುಗಳಿಂದ ಒಳಗಿನ ಆಕಾರವನ್ನು ಮರಳಿ ಕಟ್ಟುವ ಗಣಿತವನ್ನು ಪ್ರಕಟಿಸಿದ್ದರು. ಅದು ಹೆಚ್ಚಾಗಿ ಉಪಯೋಗಕ್ಕೆ ಬಂದದ್ದು ಸಿ.ಟಿ. ಯಂತ್ರದಲ್ಲಿಯಾದರೂ, ದೇಹವನ್ನು ಕೊಯ್ಯದೆ ಒಳಗನ್ನು ಕಾಣುವ ಈ ವಿದ್ಯೆಗೆ ಕರ್ನಾಟಕದ ನೆಲದಿಂದಲೂ ಕಾಣಿಕೆ ಸಂದಿದೆ ಎಂಬುದನ್ನು ನಮ್ಮ ತರುಣರು ಮರೆಯಲಾಗದು.

ಆದರೆ ಇಲಿಯ ಗಂಟಿನಲ್ಲಿ ಕಂಡ ಸ್ಪಷ್ಟತೆಯು ಮನುಷ್ಯರಲ್ಲಿ ಉಳಿಯಲಿಲ್ಲ. ಸೌಮ್ಯ ಗಂಟಿನ ಅಂಕಗಳೂ ಮಾರಕ ಗಂಟಿನ ಅಂಕಗಳೂ ಒಂದರ ಮೇಲೊಂದು ಬಿದ್ದು ಕಲಸಿಹೋದವು. ಬರಿಯ ಚುಂಬಕಚಿತ್ರದಿಂದ ಕಾರ್ಯವಾಗದೆಂದು ತಿಳಿದಾಗ, 1980ರ ದಶಕದ ನಡುವಿನಲ್ಲಿ ಜರ್ಮನಿಯ ವೈದ್ಯರು ಗ್ಯಾಡೋಲಿನಿಯಂ ಎಂಬ ಧಾತುವಿನ ದ್ರಾವಣವನ್ನು ರಕ್ತನಾಳಕ್ಕೆ ಚುಚ್ಚಿ ಚಿತ್ರ ತೆಗೆಯುವ ಕ್ರಮವನ್ನು ಸ್ತನದ ಪರೀಕ್ಷೆಗೆ ತಂದರು. ಇದರಲ್ಲಿಯೇ ಗುಟ್ಟು ಅಡಗಿದೆ. ಕ್ಯಾನ್ಸರ್ ಗಂಟು ಬೆಳೆಯಬೇಕಾದರೆ ಅದಕ್ಕೆ ರಕ್ತ ಬೇಕು. ಆದಕಾರಣ ಅದು ತನ್ನ ಸುತ್ತ ಹೊಸ ರಕ್ತನಾಳಗಳನ್ನು ಅವಸರವಸರವಾಗಿ ಕಟ್ಟಿಕೊಳ್ಳುವದು. ಅವಸರದ ಕೆಲಸವಾದ್ದರಿಂದ ಆ ನಾಳಗಳು ಸೋರುವವು. ಮಲಪ್ರಭೆಯ ಕಾಲುವೆಯ ನೀರನ್ನು ಬಲ್ಲ ನಮ್ಮ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಟ್ಟಿಯಾಗಿ ಕಟ್ಟಿದ ಹರಿಯಲ್ಲಿ ಬಿಟ್ಟ ನೀರು ಮೆಲ್ಲಮೆಲ್ಲನೆ ಹೊಲವನ್ನೇರಿ ನಿಲ್ಲುವದು; ತೂತುಬಿದ್ದ ಹರಿಯಲ್ಲಿ ಭರದಿಂದ ನುಗ್ಗಿ ಅಷ್ಟೇ ಭರದಿಂದ ಬಸಿದುಹೋಗುವದು.

ಔಷಧ ಚುಚ್ಚಿದ ಮೇಲೆ ಯಂತ್ರವು ಒಂದೆರಡು ನಿಮಿಷಗಳಿಗೊಮ್ಮೆ ಚಿತ್ರವನ್ನು ತೆಗೆಯುತ್ತ ಗಂಟಿನ ಹೊಳಪನ್ನು ಅಳೆಯುವದು. ಹೊಳಪು ಮೆಲ್ಲಗೆ ಏರುತ್ತಲೇ ಹೋದರೆ ಒಂದನೆಯ ತರಹ. ಏರಿ ಸಮನಾಗಿ ನಿಂತರೆ ಎರಡನೆಯದು. ತಟ್ಟನೆ ಏರಿ ಕೂಡಲೆ ಇಳಿಯತೊಡಗಿದರೆ ಮೂರನೆಯದು. ಬಾನ್ ವಿಶ್ವವಿದ್ಯಾಲಯದಲ್ಲಿ ಕ್ರಿಸ್ಟಿಯಾನೆ ಕೂಲ್ ಎಂಬ ವೈದ್ಯೆಯೂ ಅವರ ಸಂಗಡಿಗರೂ 266 ಗಂಟುಗಳನ್ನು ಹೀಗೆ ಅಳೆದು 1999ರಲ್ಲಿ ಲೆಕ್ಕವನ್ನು ಪ್ರಕಟಿಸಿದರು. ಅವುಗಳಲ್ಲಿ ಮಾರಕವಾದವು 101, ಸೌಮ್ಯವಾದವು 165. ಮೂರನೆಯ ತರಹವನ್ನು ತೋರಿಸಿದವು ಒಟ್ಟು 67. ಅವುಗಳಲ್ಲಿ 58 ಮಾರಕವಾಗಿದ್ದವು. ಒಂದನೆಯ ತರಹದವು 146. ಅವುಗಳಲ್ಲಿ 137 ಸೌಮ್ಯ. ಎಷ್ಟು ಒಳ್ಳೆಯ ಫಲ ಎಂದು ವಾಚಕರು ತಲೆದೂಗುವರು, ತಲೆದೂಗತಕ್ಕದ್ದೇ. ಆದರೆ ಲೆಕ್ಕದ ಇನ್ನೊಂದು ಮಗ್ಗುಲನ್ನೂ ನೋಡಬೇಕು. ಮೆಲ್ಲಗೆ ಹೊಳೆದು ಸಾಧುವಿನಂತೆ ತೋರಿದ ಆ 146ರಲ್ಲಿ 9 ಗಂಟುಗಳು ಕ್ಯಾನ್ಸರೇ ಆಗಿದ್ದವು. ಕಳ್ಳನಂತೆ ತೋರಿದ 67ರಲ್ಲಿ 9 ನಿರಪರಾಧಿಗಳಿದ್ದವು. ನಡುವಿನ ತರಹದ 53ರಲ್ಲಿ 34 ಮಾರಕ, 19 ಸೌಮ್ಯ. ಅಲ್ಲಿ ಯಂತ್ರದ ಮಾತು ಜೋಯಿಸರ ಮಾತಿಗಿಂತ ಹೆಚ್ಚು ಸ್ಪಷ್ಟವಾದದ್ದೆಂದು ಹೇಳಲಾಗದು.

ಹೊಳಪಿನ ವೇಗವೊಂದನ್ನೇ ವೈದ್ಯರು ನೋಡುವದಿಲ್ಲವೆಂಬುದೂ ನಿಜ. ಗಂಟಿನ ಅಂಚು ನುಣುಪಾಗಿದೆಯೇ, ಮುಳ್ಳುಮುಳ್ಳಾಗಿ ಸುತ್ತಲಿನ ಮಾಂಸಕ್ಕೆ ಬೇರು ಬಿಟ್ಟಿದೆಯೇ. ಒಳಗೆಲ್ಲ ಒಂದೇ ಸಮನಾಗಿ ಹೊಳೆಯುವದೇ, ಅಂಚಿನಲ್ಲಿ ಮಾತ್ರ ಬಳೆಯಂತೆ ಹೊಳೆಯುವದೇ ಎಂಬುದನ್ನೂ ತೂಗಿ ನೋಡುವರು. ಈಚೆಗೆ ಇನ್ನೊಂದು ಅಳತೆಯು ಸೇರಿದೆ. ಕ್ಯಾನ್ಸರಿನಲ್ಲಿ ಜೀವಕೋಶಗಳು ಸಂತೆಯ ಜನರಂತೆ ಒತ್ತಾಗಿರುವದರಿಂದ ಅವುಗಳ ನಡುವೆ ನೀರಿನ ಕಣಗಳು ಸರಾಗವಾಗಿ ಸಂಚರಿಸಲಾರವು. ಈ ಸಂಚಾರವನ್ನು ಔಷಧವಿಲ್ಲದೆಯೇ ಅಳೆಯಬಹುದು. ಇವೆಲ್ಲವನ್ನೂ ಕೂಡಿಸಿದರೆ ತಪ್ಪುಗಳು ಕಡಿಮೆಯಾಗುವವು, ಇಲ್ಲವಾಗುವದಿಲ್ಲ. ಕ್ಷಯದ ಬಾವು ಅಂಚಿನಲ್ಲಿ ಬಳೆಯಂತೆ ಹೊಳೆದು ಕ್ಯಾನ್ಸರಿನ ವೇಷವನ್ನು ಹಾಕುವದುಂಟು. ಕ್ಷಯವು ಇನ್ನೂ ತೊಲಗದ ನಮ್ಮ ನಾಡಿನಲ್ಲಿ ಇದು ಸಣ್ಣ ಮಾತಲ್ಲ.

ಯಂತ್ರದ ಬಲವೂ ದೌರ್ಬಲ್ಯವೂ ಒಂದೇ ಕಡೆಯಲ್ಲಿವೆ ಎಂದು ನಮಗೆ ತೋರುವದು. ಅದು ಕಾಣದೆ ಬಿಡುವ ಕ್ಯಾನ್ಸರುಗಳು ತೀರ ಸ್ವಲ್ಪ. ಆದರೆ ಕ್ಯಾನ್ಸರ್ ಅಲ್ಲದ್ದನ್ನೂ ಬೆರಳುಮಾಡಿ ತೋರಿಸುವದು. ಒಂದು ಸ್ತನದಲ್ಲಿ ಕ್ಯಾನ್ಸರ್ ಇದ್ದ 969 ಸ್ತ್ರೀಯರ ಇನ್ನೊಂದು ಸ್ತನವನ್ನು ಎಂ.ಆರ್.ಐ.ಯಿಂದ ನೋಡಿದ ಪರೀಕ್ಷೆಯ ಫಲವು 2007ರಲ್ಲಿ ಪ್ರಕಟವಾಯಿತು. 121 ಜನರಿಗೆ ಬಯಾಪ್ಸಿ ಮಾಡಬೇಕಾಯಿತು. ಅವರಲ್ಲಿ 30 ಜನರಲ್ಲಿ ಮಾತ್ರ ಕ್ಯಾನ್ಸರ್ ಸಿಕ್ಕಿತು. ಬೇರೆ ಉಪಾಯಗಳಿಂದ ಸಿಗದಿದ್ದ ಆ 30 ಜನರ ಪಾಲಿಗೆ ಯಂತ್ರವು ದೇವರಂತೆ ಬಂತು. ಉಳಿದ 91 ಜನರು ವೃಥಾ ಅಂಜಿದರು. ಇನ್ನು ಬ್ರಿಟನ್ನಿನಲ್ಲಿ 1,623 ಸ್ತ್ರೀಯರನ್ನು ಎರಡು ಪಂಗಡ ಮಾಡಿ, ಶಸ್ತ್ರಕ್ರಿಯೆಯ ಮೊದಲು ಒಂದು ಪಂಗಡಕ್ಕೆ ಮಾತ್ರ ಎಂ.ಆರ್.ಐ. ಮಾಡಿಸಿ ನೋಡಿದರು. ಮತ್ತೊಮ್ಮೆ ಶಸ್ತ್ರಕ್ರಿಯೆ ಮಾಡಬೇಕಾದ ಪ್ರಸಂಗವು ಎರಡೂ ಪಂಗಡಗಳಲ್ಲಿ ನೂರಕ್ಕೆ 19ರಂತೆಯೇ ಇತ್ತೆಂದು 2010ರಲ್ಲಿ ಪ್ರಕಟವಾಯಿತು. ಎಲ್ಲರಿಗೂ ಎಲ್ಲ ಪರೀಕ್ಷೆಗಳನ್ನು ಮಾಡಿಸುವದೇ ಒಳ್ಳೆಯ ವೈದ್ಯವೆಂದು ನಂಬಿದವರು ಈ ಅಂಕಗಳನ್ನು ಇನ್ನೊಮ್ಮೆ ಓದಬೇಕು.

ಆದಕಾರಣ ಗೃಹಸ್ಥರ ಪ್ರಶ್ನೆಗೆ ಉತ್ತರವು ಇದು: ಚುಂಬಕಯಂತ್ರವು ಬಲವಾದ ಸಾಕ್ಷಿಯನ್ನು ಹೇಳುವದು, ತೀರ್ಪನ್ನು ಕೊಡುವದಿಲ್ಲ. ತೀರ್ಪು ಕೊಡುವದು ಸೂಜಿಯಿಂದ ತೆಗೆದ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ತಜ್ಞನೇ. ಗಂಟು ಕ್ಯಾನ್ಸರ್ ಆಗಿದ್ದರೆ ಅದು ಯಾವ ಜಾತಿಯದು, ಯಾವ ಔಷಧಕ್ಕೆ ಬಗ್ಗುವದು ಎಂಬುದನ್ನು ಆ ತುಣುಕಿನ ಹೊರತು ಬೇರೆ ಯಾವದೂ ಹೇಳಲಾರದು. ಸೂಜಿ ತಾಗಿದರೆ ಕ್ಯಾನ್ಸರ್ ಕೆದರಿ ಮೈಗೆಲ್ಲ ಹರಡುವದೆಂಬ ಮಾತು ನಮ್ಮ ಊರುಗಳಲ್ಲಿ ಹಬ್ಬಿದೆ. ಲಕ್ಷಾಂತರ ಸ್ತ್ರೀಯರಿಗೆ ಈ ಪರೀಕ್ಷೆಯಾಗಿದೆ. ಇದರಿಂದ ಆಯುಷ್ಯವು ಕುಂದಿತೆಂಬುದು ಸಿದ್ಧವಾಗಿಲ್ಲ. ಈ ಒಂದು ಸುಳ್ಳು ಮಾತಿಗೆ ಅಂಜಿ ಲೇಪ ಹಚ್ಚಿಕೊಂಡು, ನಾಟಿ ಔಷಧ ಕುಡಿದು ಆರು ತಿಂಗಳು ಕಳೆದವರ ಗಂಟು ಮಾತ್ರ ನಿಸ್ಸಂದೇಹವಾಗಿ ಹರಡುವದು.

ಹಾಗಾದರೆ ಎಂ.ಆರ್.ಐ. ಯಾರಿಗೆ ಬೇಕು? ತಾಯಿ, ಅಕ್ಕತಂಗಿಯರಲ್ಲಿ ಹಲವರಿಗೆ ಚಿಕ್ಕ ವಯಸ್ಸಿನಲ್ಲಿಯೇ ಈ ರೋಗವಿದ್ದು, ರಕ್ತದ ಪರೀಕ್ಷೆಯಲ್ಲಿ ವಂಶದ ದೋಷವು ಕಂಡವರಿಗೆ ಬೇಕು. ಕಂಕುಳಲ್ಲಿ ಕ್ಯಾನ್ಸರಿನ ಗಡ್ಡೆಯಿದ್ದು ಸ್ತನದಲ್ಲಿ ಮೂಲವು ಸಿಗದಿದ್ದರೆ ಬೇಕು. ಶಸ್ತ್ರಕ್ರಿಯೆಯ ಮೊದಲು ಔಷಧ ಕೊಟ್ಟಾಗ ಗಂಟು ಎಷ್ಟು ಕರಗಿತೆಂದು ತಿಳಿಯಲು ಬೇಕು. ಮ್ಯಾಮೋಗ್ರಾಫಿಯೂ ಸೋನೋಗ್ರಾಫಿಯೂ ಒಂದಕ್ಕೊಂದು ಹೊಂದದೆ ವೈದ್ಯರೇ ಸಂಶಯದಲ್ಲಿದ್ದಾಗ ಬೇಕು. ಉಳಿದವರಿಗೆ ವೈದ್ಯರ ಕೈಯ ಪರೀಕ್ಷೆ, ವಯಸ್ಸಿಗೆ ತಕ್ಕಂತೆ ಸೋನೋಗ್ರಾಫಿ ಅಥವಾ ಮ್ಯಾಮೋಗ್ರಾಫಿ, ತರುವಾಯ ಸೂಜಿ, ಇಷ್ಟು ಸಾಕು. ಸಾವಿರಾರು ರೂಪಾಯಿ ವೆಚ್ಚ ಮಾಡಿ ಮೊದಲೇ ಎಂ.ಆರ್.ಐ. ಮಾಡಿಸಿಕೊಂಡು ಬರುವವರಿಗೆ ಕೊನೆಗೆ ಸೂಜಿಯ ಪರೀಕ್ಷೆ ತಪ್ಪುವದಿಲ್ಲ.

ವೈದ್ಯರು ಇದನ್ನು ಮಾಡಿಸಬೇಕೆಂದು ಹೇಳಿದಾಗ ತಿಳಿದಿರಬೇಕಾದ ಕೆಲವು ಸಂಗತಿಗಳುಂಟು. ಮುಟ್ಟು ನಿಲ್ಲದ ಸ್ತ್ರೀಯರಿಗೆ ಮುಟ್ಟಾದ ಏಳನೆಯ ದಿನದಿಂದ ಹದಿನಾಲ್ಕನೆಯ ದಿನದೊಳಗೆ ಮಾಡಿಸುವದು ಒಳ್ಳೆಯದು. ಉಳಿದ ದಿನಗಳಲ್ಲಿ ಆರೋಗ್ಯವಂತ ಸ್ತನವೂ ಹೊಳೆದು ಚಿತ್ರವು ಮಸುಕಾಗುವದು. ಅವಸರದ ಪ್ರಸಂಗದಲ್ಲಿ ಮಾತ್ರ ಇದಕ್ಕಾಗಿ ಕಾಯಬಾರದು. ಬೋರಲಾಗಿ ಮಲಗಬೇಕು, ಅರ್ಧ ಗಂಟೆಯ ಸುಮಾರು ಅಲುಗಾಡಕೂಡದು, ಯಂತ್ರವು ಕಮ್ಮಾರಸಾಲೆಯಂತೆ ಗದ್ದಲ ಮಾಡುವದು. ಮೂತ್ರಪಿಂಡದ ರೋಗವಿದ್ದವರೂ ಗರ್ಭಿಣಿಯರೂ ಮುಂಚಿತವಾಗಿ ಹೇಳಲೇಬೇಕು. ಎದೆಯಲ್ಲಿ ಪೇಸ್‌ಮೇಕರ್ ಇದ್ದವರೂ ಹೇಳಬೇಕು. ಇನ್ನು ಮಂಗಳಸೂತ್ರ, ಕಾಲುಂಗುರ, ಮೂಗುತಿಗಳನ್ನು ತೆಗೆದಿಡಬೇಕಾಗುವದು. ಈ ಮಾತಿಗೆ ಆಸ್ಪತ್ರೆಯ ಬಾಗಿಲಲ್ಲಿ ಅಳುವ ಮುದುಕಿಯರನ್ನು ನಾವು ಕಂಡಿದ್ದೇವೆ. ಗಂಡನೇ ಮನೆಯಲ್ಲಿಯೇ ಸಮಾಧಾನದಿಂದ ಹೇಳಿ ತನ್ನ ಕೈಯಲ್ಲಿ ಇಸಿದುಕೊಂಡರೆ ಆ ಅಳುವಿಗೆ ಕಾರಣವಿರದು.

ನಮ್ಮ ನಾಲ್ಕು ತಾಲೂಕುಗಳ ಮಾತಿಗೆ ಬರೋಣ. ಕಿತ್ತೂರು ಬೆಳಗಾವಿ-ಧಾರವಾಡಗಳ ನಡುವಿನ ಹೆದ್ದಾರಿಯಲ್ಲಿದೆ. ಬೈಲಹೊಂಗಲಕ್ಕೆ ಬೆಳಗಾವಿ ದೂರವಲ್ಲ. ಸವದತ್ತಿಗೆ ಧಾರವಾಡವೇ ಸಮೀಪ. ರಾಮದುರ್ಗದ ನೇಕಾರರ ಹೆಣ್ಣುಮಗಳಿಗೆ ಬೆಳಗಾವಿಯು ನೂರು ಕಿಲೋಮೀಟರಿನ ಸುಮಾರು. ಬೆಳಗಾವಿಯಲ್ಲಿ ಸರಕಾರದ ವೈದ್ಯಕೀಯ ಸಂಸ್ಥೆಯಿದೆ, ಕೆ.ಎಲ್.ಇ. ಸಂಸ್ಥೆಯ ಪ್ರಭಾಕರ ಕೋರೆ ಆಸ್ಪತ್ರೆಯಿದೆ. ಅದೇ ಸಂಸ್ಥೆಯ ಕ್ಯಾನ್ಸರ್ ಆಸ್ಪತ್ರೆಯನ್ನು 2025ರ ಜನೇವರಿಯಲ್ಲಿ ರಾಷ್ಟ್ರಪತಿಗಳು ಉದ್ಘಾಟಿಸಿದರು. ಹುಬ್ಬಳ್ಳಿಯ ನವನಗರದಲ್ಲಿ ಕರ್ನಾಟಕ ಕ್ಯಾನ್ಸರ್ ಸಂಸ್ಥೆಯಿದೆ. ಬೆಂಗಳೂರಿನ ಕಂಪನಿಯೊಂದು ಸ್ವದೇಶದಲ್ಲಿಯೇ 1.5 ಟೆಸ್ಲಾ ಬಲದ ಹಗುರವಾದ ಎಂ.ಆರ್.ಐ. ಯಂತ್ರವನ್ನು ನಿರ್ಮಿಸಿ 2023ರಲ್ಲಿ ಬಿಡುಗಡೆ ಮಾಡಿದ್ದು ನಮಗೆ ಹೆಮ್ಮೆಯ ಸಂಗತಿ. ಪರದೇಶದ ಯಂತ್ರಗಳ ಬೆಲೆಯು ಇದರಿಂದ ಇಳಿದರೆ ಬಡವರಿಗೆ ಅನುಕೂಲವೇ. ಆದರೆ ಪ್ರತಿಯೊಂದು ತಾಲೂಕಾ ಪಟ್ಟಣಕ್ಕೂ ಒಂದು ಚುಂಬಕಯಂತ್ರ ಬೇಕೆಂದು ಮನವಿ ಬರೆಯುವ ಮುಂದಾಳುಗಳಿಗೆ ನಮ್ಮದೊಂದು ಸೂಚನೆಯಿದೆ. ಮೊದಲು ಸ್ತನವನ್ನು ಪರೀಕ್ಷಿಸಲು ಬಲ್ಲ ದಾದಿ, ನಂಬತಕ್ಕ ಸೋನೋಗ್ರಾಫಿ, ಸೂಜಿ ಹಾಕಬಲ್ಲ ವೈದ್ಯ, ತುಣುಕನ್ನು ಕಳಿಸಿದರೆ ವಾರದೊಳಗೆ ಉತ್ತರ ಬರುವ ವ್ಯವಸ್ಥೆ ಇವುಗಳನ್ನು ಕೇಳಿರಿ.

ಕೈಯ ಪರೀಕ್ಷೆಯನ್ನು ತುಚ್ಛವೆಂದು ಎಣಿಸಲಾಗದು. ಮುಂಬಯಿಯ ಟಾಟಾ ಆಸ್ಪತ್ರೆಯವರು 1998ರಿಂದ ಆ ನಗರದ 1,51,538 ಸ್ತ್ರೀಯರನ್ನು ತೆಗೆದುಕೊಂಡು, ಅವರಲ್ಲಿ ಅರ್ಧದಷ್ಟು ಜನರನ್ನು ತರಬೇತಾದ ಸ್ತ್ರೀ ಕಾರ್ಯಕರ್ತೆಯರಿಂದ ಎರಡು ವರ್ಷಕ್ಕೊಮ್ಮೆ ಬರಿಗೈಯಿಂದ ಪರೀಕ್ಷಿಸಿದರು. ಇಪ್ಪತ್ತು ವರ್ಷಗಳ ಫಲವು 2021ರಲ್ಲಿ ಪ್ರಕಟವಾಯಿತು. ಪರೀಕ್ಷಿಸಲ್ಪಟ್ಟವರಲ್ಲಿ ರೋಗವು ಮೊದಲಿನ ಹಂತದಲ್ಲಿಯೇ ಸಿಕ್ಕಿತು. ಐವತ್ತು ದಾಟಿದವರಲ್ಲಿ ಮರಣವು ನೂರಕ್ಕೆ 30ರ ಸಮೀಪ ಇಳಿಯಿತು. ಐವತ್ತರೊಳಗಿನವರಲ್ಲಿ ಅಂಥ ಲಾಭವು ಕಾಣಲಿಲ್ಲವೆಂಬುದನ್ನೂ ಹೇಳಬೇಕು. ಇತ್ತ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 30ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ಒಮ್ಮೆಯಾದರೂ ಸ್ತನಪರೀಕ್ಷೆ ಮಾಡಿಸಿಕೊಂಡವರು ನೂರಕ್ಕೆ ಒಬ್ಬಳೂ ಪೂರ್ತಿಯಾಗಿ ಇರಲಿಲ್ಲ. ಮೂವತ್ತು ದಾಟಿದ ಎಲ್ಲರನ್ನೂ ಪರೀಕ್ಷಿಸಬೇಕೆಂದು ಸರಕಾರದ ಯೋಜನೆಯಿರುವಾಗ ಇದು ಹೀಗೇಕೆ ಎಂದು ಅಧಿಕಾರಿಗಳನ್ನು ಕೇಳುವ ಹಕ್ಕು ಪ್ರತಿಯೊಬ್ಬ ಕರದಾತನಿಗೂ ಇದೆ.

ಧನಿಕರಿಗೂ ಒಂದು ಮಾತು. ಸವದತ್ತಿ ತಾಲೂಕಿನ ಶಿರಸಂಗಿಯ ಲಿಂಗರಾಜ ದೇಸಾಯಿಯವರು ನೂರು ವರ್ಷಗಳ ಹಿಂದೆಯೇ ತಮ್ಮ ಆಸ್ತಿಯನ್ನು ವಿದ್ಯೆಗಾಗಿ ಬಿಟ್ಟುಹೋದರು. ಅದರ ಫಲವನ್ನು ಉಂಡವರ ಮೊಮ್ಮಕ್ಕಳು ಇಂದು ಬೈಲಹೊಂಗಲದ ಪೇಟೆಯಲ್ಲಿ ದೊಡ್ಡ ವ್ಯಾಪಾರಸ್ಥರು. ಬಡ ಹೆಣ್ಣುಮಕ್ಕಳಿಗೆ ಸೂಜಿಯ ಪರೀಕ್ಷೆಯ ವೆಚ್ಚವನ್ನೂ ಬೆಳಗಾವಿಗೆ ಹೋಗಿಬರುವ ಮೋಟಾರಿನ ವೆಚ್ಚವನ್ನೂ ವಹಿಸುವ ಒಂದು ನಿಧಿಯನ್ನು ಅವರು ಕೂಡಿಸುವದು ಅಸಾಧ್ಯವೇ?

ಬನದ ಹುಣ್ಣಿಮೆಗೂ ಭರತ ಹುಣ್ಣಿಮೆಗೂ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಲಕ್ಷಗಟ್ಟಲೆ ಹೆಣ್ಣುಮಕ್ಕಳು ಬರುವರು. ಅಲ್ಲಿ ಆರೋಗ್ಯ ಇಲಾಖೆಯವರು ಡೇರೆ ಹಾಕಿ, ಸ್ತ್ರೀವೈದ್ಯರನ್ನೇ ಕೂಡ್ರಿಸಿ, ಗಂಟು ಕಂಡವರ ಹೆಸರು, ಊರು ಬರೆದುಕೊಂಡು, ಆ ಊರಿನ ಆಶಾ ಕಾರ್ಯಕರ್ತೆಗೆ ಚೀಟಿ ತಲುಪಿಸಿ, ಹದಿನೈದು ದಿನಗಳೊಳಗೆ ಸೂಜಿಯ ಪರೀಕ್ಷೆಯಾಯಿತೇ ಇಲ್ಲವೇ ಎಂದು ವಿಚಾರಿಸುವ ಏರ್ಪಾಡನ್ನು ಮಾಡಬಹುದಾಗಿದೆ. ಡೇರೆ ಹಾಕುವದು ಸುಲಭ. ಚೀಟಿಯ ಬೆನ್ನು ಹತ್ತುವದೇ ಕಷ್ಟದ ಕೆಲಸ. ಆ ಕೆಲಸಕ್ಕೆ ಯಾರು ಹೊಣೆ ಎಂಬುದನ್ನು ಜಿಲ್ಲಾ ಆರೋಗ್ಯಾಧಿಕಾರಿಗಳು ಜಾತ್ರೆಯ ಮುಂಚಿತವಾಗಿ ಪ್ರಕಟಿಸಿದರೆ, ಅವರ ಪ್ರಕಟಣೆಯನ್ನು ನಾವು ಮೊದಲನೆಯ ಪುಟದಲ್ಲಿ, ಶುಲ್ಕವಿಲ್ಲದೆ ಅಚ್ಚು ಹಾಕುವೆವು.